‘ಇದ್ದಿಲು’ ಕೇಳದವನು

ನಮ್ಮೂರಿನಲ್ಲಿ ನನ್ನ ಓರಗೆಯವರೆಲ್ಲ ‘ಇದ್ದಿಲು’ ಕೇಳಿದ್ದರು. ಕೇಳದೆ ಉಳಿದವನು ನಾನೊಬ್ಬನೇ. ಪುರುಸೊತ್ತಿಲ್ಲದೆ ಅಲ್ಲ, ಕ್ಯಾಸೆಟ್ ಸಿಗದೆಯೂ ಅಲ್ಲ. ಕ್ಯಾಸೆಟ್ ನನ್ನ ಬೀರುವಿನಲ್ಲೇ ಇತ್ತು. ರೇಷ್ಮೆ ಪಂಚೆಯ ಮಡಿಕೆಯೊಳಗೆ, ಮೇಲಿನ ಪ್ಲಾಸ್ಟಿಕ್ ಹಾಳೆಯನ್ನೂ ಬಿಚ್ಚದೆ, ಮೂವತ್ತು ವರ್ಷ ಇತ್ತು. ಹೊಟ್ಟೆಕಿಚ್ಚಿಗೆ ಕೇಳಲಿಲ್ಲ. ಈ ವಯಸ್ಸಿನಲ್ಲಿ ಅದನ್ನು ಮುಚ್ಚಿಟ್ಟು ನನಗೇನಾಗಬೇಕಿದೆ?

ನಮ್ಮೂರಿನಲ್ಲಿ ಯಂತ್ರದಿಂದ ಬಂದ ಹಾಡು ಒಬ್ಬರಿಗೆ ಒಂದೇ ಸಲ ಕೇಳಿಸುತ್ತದೆ. ಎರಡನೇ ಸಲ ಹಾಕಿದರೆ ಕ್ಯಾಸೆಟ್ ತಿರುಗುವುದು ಕಾಣುತ್ತದೆ, ಪಕ್ಕದವರು ತಲೆದೂಗುವುದು ಕಾಣುತ್ತದೆ, ಕಿವಿಗೆ ಮಾತ್ರ ಏನೂ ಬೀಳುವುದಿಲ್ಲ. ಎದುರಿಗೆ ಕೂತು ಹಾಡಿದ್ದನ್ನು, ನುಡಿಸಿದ್ದನ್ನು ಎಷ್ಟು ಸಲ ಬೇಕಾದರೂ ಕೇಳಬಹುದು, ಅದಕ್ಕೆ ಅಡ್ಡಿಯಿಲ್ಲ. ಹಾಗಾಗಿ ಹೋಟೆಲಿನಲ್ಲಿ ರೇಡಿಯೋ ತಿರುಗಿಸುವ ಮೊದಲು ಸಪ್ಲೈಯರು ‘ಯಾರಾದ್ರೂ ಮೀಸಲು ಇಟ್ಕೊಂಡೋರು ಇದ್ರೆ ಕಿವಿ ಮುಚ್ಕೊಳಿ’ ಎಂದು ಕೂಗುತ್ತಾನೆ. ಹೆಣ್ಣು ನೋಡಲು ಹೋದವರು ಹುಡುಗಿ ಯಾವ ಯಾವ ಹಾಡು ಉಳಿಸಿಕೊಂಡಿದ್ದಾಳೆ ಎಂದು ವಿಚಾರಿಸುತ್ತಾರೆ. ಯಾರಾದರೂ ಒಂದು ಹಾಡನ್ನು ಮೊದಲ ಸಲ ಕೇಳುವಾಗ, ಆಗಲೇ ಕೇಳಿ ಮುಗಿಸಿದವರು ಎದುರಿಗೆ ಕೂತು ಅವರ ಮುಖ ನೋಡುತ್ತಾರೆ. ನೋಡುತ್ತಾ ನೋಡುತ್ತಾ ಹಾಡು ಒಂದಿಷ್ಟು ನೆನಪಿಗೆ ಬರುತ್ತದೆ. ಮುಖ ನೋಡಲು ಕರೆಯದೆ ಒಬ್ಬರೇ ಕೂತು ಕೇಳುವವರನ್ನು ನಮ್ಮಲ್ಲಿ ಜಿಪುಣರು ಎನ್ನುತ್ತಾರೆ.

ಕೇಳಿ ಮುಗಿದ ಕ್ಯಾಸೆಟ್ಟು ಮನೆಯಲ್ಲಿದ್ದು ಏನು ಪ್ರಯೋಜನ? ಸ್ಟೀಲ್ ಪಾತ್ರೆ ಮಾರುವ ಹೆಂಗಸು ಬುಟ್ಟಿ ಹೊತ್ತು ಬರುತ್ತಿದ್ದಳು. ಹಳೇ ಸೀರೆಗೆ ಡಬರಿ, ಕೇಳಿದ ಕ್ಯಾಸೆಟ್ಟಿಗೆ ಚಮಚ. ಅವೆಲ್ಲ ಗುಡ್ಡದಾಚೆಯ ಊರಿಗೆ ಹೋಗುತ್ತಿದ್ದವು. ಅಲ್ಲಿನವರು ಒಂದೇ ಹಾಡನ್ನು ದಿನಕ್ಕೆ ನಾಲ್ಕು ಸಲ ಕೇಳುತ್ತಾರೆ ಎಂದು ಅವಳು ಹೇಳುತ್ತಿದ್ದಳು. ವ್ಯಾಪಾರದವಳ ಮಾತು ಎಂದು ನಾವು ನಕ್ಕು ಸುಮ್ಮನಾಗುತ್ತಿದ್ದೆವು.

ಇನ್ನು ಬ್ಯಾಂಡಿನ ವಿಷಯ. ಆಗ ನಮ್ಮೂರಿನಲ್ಲಿ ಎರಕದ ಕಾರ್ಖಾನೆ ಇತ್ತು, ಚರಂಡಿಯ ಮುಚ್ಚಳ ಎರೆಯುತ್ತಿದ್ದರು. ಅಲ್ಲಿ ಕೆಲಸಕ್ಕಿದ್ದ ಅಬ್ಬಯ್ಯ, ಖಾದರ್, ನಾನು, ಇನ್ನೂ ಒಂಬತ್ತು ಜನ, ಯಾರೋ ಬಂದರಿನಿಂದ ತಂದಿದ್ದ ಹೆವಿ ಮೆಟಲ್ ಕ್ಯಾಸೆಟ್ ಒಂದನ್ನು ಮಧ್ಯಾಹ್ನದ ಊಟದ ಬಿಡುವಿನಲ್ಲಿ ಒಟ್ಟಿಗೆ ಕೂತು ಕೇಳಿದೆವು. ಊಟ ಯಾರೂ ಮಾಡಲಿಲ್ಲ. ಕೇಳಿದ್ದು ಒಂದೇ ಸಲವಾದ್ದರಿಂದ ಒಬ್ಬೊಬ್ಬರಿಗೆ ಒಂದೊಂದು ನೆನಪು ಉಳಿಯಿತು. ಅಬ್ಬಯ್ಯನಿಗೆ ಗಂಟಲು ಹರಿದುಕೊಂಡು ಕೂಗುವುದು, ಖಾದರನಿಗೆ ಡ್ರಮ್ಮು, ನನಗೆ ಗಿಟಾರು. ನೆನಪಿಲ್ಲದ ಕಡೆ ನಮಗೆ ಗೊತ್ತಿದ್ದದ್ದನ್ನು ತುಂಬಿಸಿದೆವು. ಹಾಗಾಗಿ ನಮ್ಮ ಹೆವಿ ಮೆಟಲ್ ಬೇರೆ ಯಾರದ್ದರ ಹಾಗೂ ಇರಲಿಲ್ಲ. ಬ್ಯಾಂಡಿಗೆ ‘ಕುಲುಮೆ’ ಎಂದು ಹೆಸರಿಟ್ಟವನು ನಾನು. ಕ್ಯಾಸೆಟ್ಟಿಗೆ ‘ಇದ್ದಿಲು’ ಎಂದು ಹೆಸರಿಟ್ಟವನೂ ನಾನೇ.

ಆ ಹೆಸರಿನದೇ ಒಂದು ಹಾಡಿತ್ತು. ಅದರ ನಡುವೆ ಎಲ್ಲರೂ ಸುಮ್ಮನಾಗಿ ಗಿಟಾರು ಮಾತ್ರ ಮಾತಾಡುವ ಜಾಗ, ಸೋಲೋ. ಅದನ್ನು ನಾಲ್ಕು ತಿಂಗಳು ಕೂತು ಕಟ್ಟಿದ್ದೆ, ಒಂದೊಂದು ಸ್ವರವನ್ನೂ ಉಜ್ಜಿ ಉಜ್ಜಿ ಹೊಳಪು ಕೊಟ್ಟಿದ್ದೆ. ಭಜನೆ ಕ್ಯಾಸೆಟ್ ಮಾಡುವ ಸ್ಟುಡಿಯೋದಲ್ಲಿ ಎರಡು ದಿನ ಜಾಗ ಸಿಕ್ಕಿತು. ಅದರ ಹಿಂದಿನ ದಿನ ನನಗೆ ಮಂಗನಬಾವು ಬಂತು. ಇಪ್ಪತ್ತನಾಲ್ಕು ವರ್ಷದ ಗಂಡಸಿಗೆ ಮಂಗನಬಾವು! ಎರಡೂ ಕೆನ್ನೆ ಊದಿ ಕುಂಬಳಕಾಯಿಯಾಗಿ ಮಲಗಿದ್ದೆ. ಸ್ಟುಡಿಯೋದವರು ದಿನ ಬದಲಿಸಲು ಒಪ್ಪಲಿಲ್ಲ. ಎರಕದ ಅಂಚನ್ನು ಅರದಿಂದ ಉಜ್ಜುವ ವಿಭಾಗದಲ್ಲಿ ಆರೋಗ್ಯದಾಸ್ ಎಂಬ ಹತ್ತೊಂಬತ್ತರ ಹುಡುಗನಿದ್ದ, ಚರ್ಚಿನಲ್ಲಿ ಗಿಟಾರು ಹಿಡಿಯುತ್ತಿದ್ದ. ಅವನನ್ನು ಕರೆದುಕೊಂಡು ಹೋಗಿ ಮುಗಿಸಿಬಿಟ್ಟರು. ಕ್ಯಾಸೆಟ್ಟಿನ ಮೇಲೆ ಅವನ ಹೆಸರು ಅಚ್ಚಾಯಿತು. ಮಂಗನಬಾವು ಬಂದವನ ಹೆಸರನ್ನು ಯಾರು ಅಚ್ಚು ಹಾಕುತ್ತಾರೆ?

ನೂರು ಕ್ಯಾಸೆಟ್ ಮಾಡಿಸಿದ್ದರು. ಊರೆಲ್ಲ ಕೇಳಿತು. ದಾಸುವಿನ ಸೋಲೋ, ದಾಸುವಿನ ಸೋಲೋ ಎಂದು ಬೀದಿ ಬೀದಿಯಲ್ಲಿ ಮಾತು. ಅಬ್ಬಯ್ಯ ಒಂದನ್ನು ತಂದು ನನ್ನ ಹಾಸಿಗೆಯ ಮೇಲಿಟ್ಟು ತಲೆ ತಗ್ಗಿಸಿಕೊಂಡು ಹೋದ. ಕೇಳಿದರೆ ಚೆನ್ನಾಗಿದೆ ಎಂದು ಒಪ್ಪಬೇಕಾಗಬಹುದು ಎಂಬ ಭಯಕ್ಕೆ ಬಿಚ್ಚಲಿಲ್ಲ. ಬಿಸಾಡಲೂ ಮನಸ್ಸು ಬರಲಿಲ್ಲ. ಅದೇ ವರ್ಷ ಕಾರ್ಖಾನೆ ಮುಚ್ಚಿತು, ಬ್ಯಾಂಡೂ ಚದುರಿತು. ನಾನು ಹಾರ್ಮೋನಿಯಂ ಶ್ರುತಿ ಸರಿಮಾಡುವ ಕೆಲಸ ಹಿಡಿದೆ. ಒಂದೇ ಸಲಕ್ಕೆ ಹಿಡಿಯುವ ಕಿವಿ ಎಂದು ಹೆಸರೂ ಬಂತು. ದಾಸು ವೆಲ್ಡಿಂಗ್ ಅಂಗಡಿ ಹಾಕಿದ. ದಾರಿಯಲ್ಲಿ ಸಿಕ್ಕಾಗ ‘ಚೆನ್ನಾಗಿದ್ದೀಯಾ ಅಣ್ಣಾ?’ ಎನ್ನುತ್ತಿದ್ದ. ನಾನು ‘ಹ್ಞೂಂ’ ಎಂದು ಮುಂದೆ ಹೋಗುತ್ತಿದ್ದೆ.

ಈ ವರ್ಷ ಯುಗಾದಿ ಕಳೆದ ಮೇಲೆ ಒಂದು ಬೆಳಿಗ್ಗೆ ಮೂವರೂ ನನ್ನ ಮನೆಗೆ ಬಂದರು. ಮುಂದೆ ಅಬ್ಬಯ್ಯ, ಅವನ ಹಿಂದೆ ಖಾದರ್, ಹೊಸಿಲಾಚೆ ಚಪ್ಪಲಿ ಬಿಡುತ್ತಾ ದಾಸು.

“ಲೋ ಸಂಪಂಗಿ, ಕಾಗದ ಬಂದದೆ ನೋಡೋ,” ಎಂದ ಅಬ್ಬಯ್ಯ. ಆ ಕೂಗುವ ಗಂಟಲು ಈಗ ಕೀರಲಾಗಿದೆ.

ಗುಡ್ಡದಾಚೆಯ ಊರಿನ ಅಂಚೆ ಕಚೇರಿಯಲ್ಲಿ ಕೆಲಸ ಮಾಡುವ ಹೇಮಾವತಿ ಎಂಬುವರು ಬರೆದಿದ್ದರು. ‘ಇದ್ದಿಲು’ ಬಂದು ಮೂವತ್ತು ವರ್ಷ ಆಯಿತಂತೆ. ಅದರ ಅಭಿಮಾನಿಗಳು ಅವರೂರಲ್ಲಿ ಅರವತ್ತು ಜನ ಇದ್ದಾರಂತೆ. ನೇಕಾರರ ಸಂಘದ ಸಭಾಂಗಣ ಗೊತ್ತು ಮಾಡಿದ್ದಾರಂತೆ. ‘ಕುಲುಮೆ’ಯವರು ಬಂದು ಇಡೀ ಕ್ಯಾಸೆಟ್ಟನ್ನು ಮೊದಲಿಂದ ಕೊನೆಯವರೆಗೆ ನುಡಿಸಬೇಕಂತೆ.

“ಹೋಗಿ ನುಡಿಸ್ರಪ್ಪ. ನನ್ನ ಹತ್ರ ಯಾಕೆ ಬಂದ್ರಿ?”

“ಪದ ಎಲ್ಲ ಒಳಗಿನ ಹಾಳೇಲಿ ಅಚ್ಚಾಗಿತ್ತು, ನಾನು ಎತ್ತಿಟ್ಕೊಂಡಿದೀನಿ. ತಾಳ ಖಾದರ್ ಕೈಯಲ್ಲೇ ಅದೆ. ಸೋಲೋ ಒಂದು ಮಾತ್ರ ಯಾರಿಗೂ ಜ್ಞಾಪಕ ಇಲ್ಲ ಕಣೋ.”

“ನುಡಿಸ್ದೋನು ಅಲ್ಲೇ ನಿಂತವ್ನಲ್ಲ, ಅವನನ್ನ ಕೇಳು.”

ದಾಸು ಬಾಗಿಲ ಚೌಕಟ್ಟು ಹಿಡಿದುಕೊಂಡೇ ಹೇಳಿದ: “ಅಣ್ಣಾ, ನಾನು ಅದನ್ನ ಒಂದೇ ಸಲ ನುಡಿಸಿದ್ದು. ಏನು ನುಡಿಸ್ದೆ ಅಂತ ನಂಗೆ ಆವತ್ತೇ ಗೊತ್ತಿರ್ಲಿಲ್ಲ.”

ನನ್ನ ಮೈ ಉರಿದುಹೋಯಿತು. ನಾಲ್ಕು ತಿಂಗಳು ಕೂತು ಕಟ್ಟಿದವನದ್ದು ಯಾರಿಗೂ ಬೇಡವಾಯಿತು. ಏನು ನುಡಿಸಿದೆ ಅಂತ ಗೊತ್ತೇ ಇಲ್ಲದವನದ್ದನ್ನು ಊರು ಮೂವತ್ತು ವರ್ಷ ಹೊಗಳಿತು. ಅದನ್ನು ಹುಡುಕಿಕೊಡಲು ಈಗ ನಾನೇ ಬೇಕು.

“ಕ್ಯಾಸೆಟ್ ಉಳಿದಿರೋದು ನಿನ್ನ ಹತ್ರ ಒಂದೇ,” ಎಂದ ಖಾದರ್. ಅವನು ಮಾತಾಡುವುದೇ ಕಡಿಮೆ. “ಕೇಳಿ, ಅದನ್ನ ಬರ್ಕೊಂಡು ಹೇಳ್ಕೊಡೋ ತಾಕತ್ತು ಇರೋನೂ ನೀನೊಬ್ನೇ. ಒಲ್ಲೆ ಅಂದ್ರೆ ಬರಲ್ಲ ಅಂತ ಕಾಗದ ಬರೀತೀವಿ, ಅಷ್ಟೇ.”

ನೋಡೋಣ ಎಂದು ಕಳಿಸಿದೆ. ಅವರು ಹೋದ ಮೇಲೆ ನನ್ನ ಹೆಂಡತಿ ವನಜ ಕಾಫಿ ಲೋಟ ಎತ್ತಿಕೊಳ್ಳುತ್ತಾ, “ಕೇಳಿ ಕೊಟ್ಬಿಡ್ರಿ,” ಎಂದಳು.

“ನಿನಗ್ಯಾಕೆ ಅದರ ಉಸಾಬರಿ?”

“ನಾನು ಕೇಳಿದೀನಿ ಅದನ್ನ. ಮದುವೆಗೆ ಮುಂಚೆ, ಅಕ್ಕನ ಮನೇಲಿ.”

ಇಪ್ಪತ್ತೆಂಟು ವರ್ಷ ಸಂಸಾರ ಮಾಡಿದವಳು ಒಂದು ದಿನವೂ ಬಾಯಿ ಬಿಟ್ಟಿರಲಿಲ್ಲ. “ಹೇಗಿತ್ತು?” ಎಂದೆ. ಕೇಳಬಾರದಿತ್ತು.

“ಅತ್ತುಬಿಟ್ಟೆ ನಾನು,” ಎಂದಳು. “ಆ ಗಿಟಾರು ಬರೋ ಹೊತ್ತಿಗೆ. ಯಾಕೆ ಅಂತ ಗೊತ್ತಿಲ್ಲ.”

ನಾನು ಅವಳೆದುರು ಎಷ್ಟು ಸಲ ಗಿಟಾರು ನುಡಿಸಿಲ್ಲ! ನಿಶ್ಚಿತಾರ್ಥದ ದಿನ ನುಡಿಸಿದ್ದೆ, ಮಗಳು ಹುಟ್ಟಿದಾಗ ನುಡಿಸಿದ್ದೆ. ಚೆನ್ನಾಗಿದೆ ರೀ ಎನ್ನುತ್ತಿದ್ದಳು, ಮೆಣಸಿನಕಾಯಿ ತೊಟ್ಟು ಮುರಿಯುತ್ತಾ. ಆ ದಿನ ಸಂಜೆಯೇ ಅಬ್ಬಯ್ಯನ ಮನೆಗೆ ಹೋಗಿ ಆಗಲಿ ಎಂದೆ. ದೊಡ್ಡ ಮನಸ್ಸಿನಿಂದ ಅಲ್ಲ. ನನ್ನ ಹೆಂಡತಿಯನ್ನು ಅಳಿಸಿದ್ದು ಅದೇನು ಎಂದು ನೋಡಿಯೇಬಿಡೋಣ ಅಂತ.

ಭಾನುವಾರ ಬೆಳಿಗ್ಗೆ ಹತ್ತಕ್ಕೆ, ಮುಚ್ಚಿದ ಕಾರ್ಖಾನೆಯ ಶೆಡ್ಡಿನಲ್ಲಿ ಎಂದು ಗೊತ್ತಾಯಿತು. ಸುದ್ದಿ ಹರಡಿ ಮುಖ ನೋಡುವವರು ನೂರಕ್ಕೂ ಹೆಚ್ಚು ಸೇರಿದರು. ಶಾಮಿಯಾನದವನು ಕುರ್ಚಿ ಹಾಕಿಸಿದ್ದ. ಮೂವತ್ತು ವರ್ಷದ ಮೀಸಲು ಒಡೆಯುವುದೆಂದರೆ ಸಣ್ಣ ಮಾತೇ? ಕೂಸುಗಳನ್ನು, ‘ಇದ್ದಿಲು’ ಕೇಳದ ಹುಡುಗರನ್ನು ಹೊರಗೆ ಕಳಿಸಿದೆ. ನನ್ನ ಕ್ಯಾಸೆಟ್ಟು, ನನ್ನಿಷ್ಟ. ಮುಂದಿನ ಸಾಲಿನಲ್ಲಿ ವನಜ, ಅವಳಿಂದ ಮೂರು ಕುರ್ಚಿ ಆಚೆಗೆ ದಾಸು. ನನ್ನೆದುರು ಟೇಪ್ ರೆಕಾರ್ಡರ್, ತೊಡೆಯ ಮೇಲೆ ನೋಟ್ ಪುಸ್ತಕ.

ಒಂದು ನಿರ್ಧಾರ ಮಾಡಿಕೊಂಡೇ ಕೂತಿದ್ದೆ. ಮುಖ ತೋರಿಸುವುದಿಲ್ಲ. ಇವರೆಲ್ಲ ನನ್ನ ಮುಖದಲ್ಲಿ ದಾಸುವಿನ ಸೋಲೋ ನೋಡಲು ಬಂದಿದ್ದಾರೆ. ಒಂದು ಹುಬ್ಬನ್ನೂ ಕೊಡುವುದಿಲ್ಲ. ಮೊದಲ ನಾಲ್ಕು ಹಾಡು ಬರೆದುಕೊಳ್ಳುತ್ತಾ ಕಳೆದೆ. ಚೆನ್ನಾಗಿಯೇ ಇದ್ದವು, ಅರ್ಧ ನಾನೇ ಕಟ್ಟಿದ್ದಲ್ಲವೇ. ಐದನೆಯದು ‘ಇದ್ದಿಲು’. ಅಬ್ಬಯ್ಯ ಕೂಗಿ ಕೂಗಿ ನಿಂತ. ಡ್ರಮ್ಮೂ ನಿಂತಿತು. ಆಮೇಲೆ ಏನೂ ಇಲ್ಲ. ಹುಡುಗ ಹೆದರಿ ಕೂತಿದ್ದಾನೆ ಎಂದು ನನಗೆ ಗೊತ್ತಾಯಿತು. ನಗು ಬರುವುದರಲ್ಲಿತ್ತು, ಅಷ್ಟರಲ್ಲಿ ತಳದ ತಂತಿಯ ಮೇಲೆ ಒಂದು ಸ್ವರ ಬಂತು.

ಹೇಗೆ ಹೇಳಲಿ ಅದನ್ನು? ನನ್ನದರಲ್ಲಿ ಇಲ್ಲದ್ದು ಅದರಲ್ಲಿ ಒಂದೇ ಇತ್ತು. ಮುಂದಿನ ಸ್ವರ ಯಾವುದು ಎಂದು ನುಡಿಸುವವನಿಗೆ ಗೊತ್ತಿರಲಿಲ್ಲ. ಕತ್ತಲ ಕೋಣೆಯಲ್ಲಿ ಬೆಂಕಿಪೆಟ್ಟಿಗೆ ತಡಕುವ ಹಾಗೆ ತಡಕುತ್ತಿದ್ದ, ಸಿಕ್ಕಿದ್ದನ್ನು ಬಿಡುತ್ತಿದ್ದ, ಇನ್ನೊಂದಕ್ಕೆ ಕೈ ಚಾಚುತ್ತಿದ್ದ. ಒಂದು ಕಡೆ ತಪ್ಪು ಸ್ವರಕ್ಕೇ ಕಾಲಿಟ್ಟ. ನಾನಾಗಿದ್ದರೆ ಅಲ್ಲೇ ಸತ್ತುಹೋಗುತ್ತಿದ್ದೆ. ಅವನು ಅದೇ ತಪ್ಪನ್ನು ಮತ್ತೆ ಮೂರು ಸಲ ನುಡಿಸಿ, ಅದು ತಪ್ಪೇ ಅಲ್ಲ ಎನ್ನಿಸಿಬಿಟ್ಟ. ಕೊನೆಗೆ ಮೇಲಿನ ತಂತಿಯನ್ನು ಎಳೆದು ಎಳೆದು, ಮುಟ್ಟಬೇಕಾದ ಸ್ವರಕ್ಕೆ ಈಗ ಮುಟ್ಟುತ್ತಾನೆ ಎಂದು ನಾನು ಕಾಯುತ್ತಿರುವಾಗ, ಅದಕ್ಕಿಂತ ಒಂದು ಎಳೆ ಕೆಳಗೇ ಕೈಬಿಟ್ಟ. ಮುಟ್ಟಲೇ ಇಲ್ಲ. ನನ್ನ ಎದೆಯಲ್ಲಿ ಏನೋ ಕಳಚಿ ಬಿದ್ದಂತಾಯಿತು. ಮುಖ ಮಾತ್ರ ಗೋಡೆಯ ಹಾಗೆ ಇಟ್ಟುಕೊಂಡಿದ್ದೆ, ಕೈ ಸ್ವರ ಬರೆಯುತ್ತಲೇ ಇತ್ತು.

ಹಾಡುಗಳೆಲ್ಲ ಮುಗಿದು ಕ್ಯಾಸೆಟ್ ಟಪ್ಪೆಂದು ನಿಂತಿತು. ಜನ ಮುಖ ಮುಖ ನೋಡಿಕೊಂಡರು. “ಥೂ, ಇವನ ಮುಖದಲ್ಲಿ ಏನೂ ಇಲ್ವಲ್ಲೋ,” ಎಂದು ಹಿಂದೆ ಯಾರೋ ಬೈದರು. “ಹೇಗಿತ್ತು ಅಣ್ಣಾ?” ಎಂದ ದಾಸು. ಅವನ ಕಣ್ಣು ಎಷ್ಟು ಆಸೆಯಿಂದ ಕೂಡಿತ್ತೆಂದರೆ, ನನಗೆ ಇನ್ನೂ ಕೋಪ ಬಂತು.

“ಪರವಾಗಿಲ್ಲ,” ಎಂದೆ.

ಮರುದಿನದಿಂದ ಶೆಡ್ಡಿನಲ್ಲಿ ಅಭ್ಯಾಸ. ನಾನು ದಾಸುವಿಗೆ ಸೋಲೋ ಹೇಳಿಕೊಟ್ಟೆ. ಅವನದ್ದಲ್ಲ, ನನ್ನದು. ನಾಲ್ಕು ತಿಂಗಳು ಕಟ್ಟಿದ್ದೆನಲ್ಲ, ಅದು. ತಡಕಾಟವಿಲ್ಲ, ತಪ್ಪಿಲ್ಲ, ಶುರುವಿನಿಂದ ಕೊನೆಯವರೆಗೆ ಅಚ್ಚುಕಟ್ಟು. ಯಾರಿಗೆ ಗೊತ್ತಾಗುತ್ತದೆ? ಊರಿನಲ್ಲಿ ಅದನ್ನು ಎರಡು ಸಲ ಕೇಳಿದ ಒಬ್ಬನೂ ಇಲ್ಲ. ಸ್ವರ ಹಿಡಿಯಬಲ್ಲ ಕಿವಿ ಉಳಿದಿದ್ದದ್ದು ನನ್ನದೊಂದೇ, ಅದೂ ಖರ್ಚಾಗಿತ್ತು. ಮೂವತ್ತು ವರ್ಷದ ಮೇಲೆ ನನ್ನ ಸೋಲೋ ನನ್ನ ಹಾಡಿನಲ್ಲಿ ಕೂರುತ್ತದೆ ಎಂದು ಒಳಗೊಳಗೇ ಹಿಗ್ಗಿದೆ. ಮನೆಗೆ ಹೋಗುವಾಗ ದಾರಿಯಲ್ಲಿ ಸಿಕ್ಕಿದವರನ್ನೆಲ್ಲ ನಾನೇ ಮಾತಾಡಿಸಿದೆ.

ಆ ಹಿಗ್ಗು ಎರಡು ದಿನ ಇತ್ತು. ದಾಸು ಕಷ್ಟಪಟ್ಟು ಕಲಿತ, ಬೆರಳ ತುದಿ ಹರಿದುಕೊಂಡ. ಮೂರನೇ ದಿನ ಪೂರ್ತಿ ನುಡಿಸಿ ಮುಗಿಸಿ, ಗಿಟಾರನ್ನೇ ನೋಡುತ್ತಾ ಕೇಳಿದ: “ಅಣ್ಣಾ, ನಾನಾ ಇದನ್ನ ನುಡಿಸಿದ್ದು? ಇಷ್ಟು ಚೆನ್ನಾಗಿ?”

ಅಬ್ಬಯ್ಯ ಅವನ ಬೆನ್ನಿಗೆ ಗುದ್ದಿದ. “ನೀನೇ ಕಣೋ ದಾಸು! ಹತ್ತೊಂಬತ್ತು ವರ್ಷಕ್ಕೆ ಇಂಥ ಬುದ್ಧಿ! ಸಂಪಂಗಿ, ನೀನು ಹೇಳು, ಯಾರಿಗೆ ಬರ್ತದೆ ಹೀಗೆ?”

ಅಭ್ಯಾಸ ಕೇಳಲು ಬರುತ್ತಿದ್ದ ಜನ ಊರ ತುಂಬ ಸುದ್ದಿ ಮಾಡಿದರು. ಕ್ಷೌರದಂಗಡಿಯಲ್ಲಿ ನನ್ನ ಗದ್ದಕ್ಕೆ ನೊರೆ ಹಚ್ಚಿದವನು, “ಏನ್ ಸಾಮಿ ಆ ದಾಸು ಕೈ, ಒಂದೊಂದು ಸ್ವರಾನೂ ತೊಳೆದಿಟ್ಟಂಗದೆ,” ಎಂದ. ತೊಳೆದಿಟ್ಟವನು ನಾನು ಕಣಯ್ಯಾ, ಎಂದು ಕೂಗಬೇಕೆನಿಸಿತು. ಬಾಯಿಗೆ ನೊರೆ ಹೋಯಿತು. ಮೊದಲು ಅವನದ್ದಕ್ಕೆ ಅವನನ್ನು ಹೊಗಳುತ್ತಿದ್ದರು, ಈಗ ನನ್ನದಕ್ಕೂ ಅವನನ್ನೇ ಹೊಗಳುತ್ತಿದ್ದರು. ಇದಕ್ಕಿಂತ ಮಂಗನಬಾವೇ ವಾಸಿ.

ವನಜ ಒಂದು ದಿನ ಅಭ್ಯಾಸಕ್ಕೆ ಬಂದಳು. ಮನೆಗೆ ಬಂದ ಮೇಲೆ ಅಕ್ಕಿ ಆರಿಸುತ್ತಾ, “ಇದು ಅದಲ್ಲ,” ಎಂದಳು.

“ಮೂವತ್ತು ವರ್ಷದ ಹಿಂದೆ ಒಂದು ಸಲ ಕೇಳಿದವಳಿಗೆ ಏನು ಗೊತ್ತೇ?”

“ನಂಗೆ ಹಾಡು ಜ್ಞಾಪಕ ಇಲ್ಲ. ಆವತ್ತು ನೀವು ಕೇಳುವಾಗ, ಅರ್ಧ ದಾಟಿದ ಮೇಲೆ, ನಿಮ್ಮ ಕಾಲಿನ ಹೆಬ್ಬೆರಳು ಮೂರು ಸಲ ಮಡಚ್ಕೊಂಡಿತು. ಇವತ್ತು ದಾಸು ನುಡಿಸಿದ್ರಲ್ಲಿ ಹಾಗೆ ಮಡಚ್ಕೊಳ್ಳೋಕೆ ಏನೂ ಇರ್ಲಿಲ್ಲ.”

“ಮುಖ ನೋಡೋಕೆ ಬಂದವಳು ಕಾಲ್ಯಾಕೆ ನೋಡ್ದೆ?”

“ಮುಖಕ್ಕೆ ಬೀಗ ಹಾಕ್ಕೊಂಡು ಕೂತಿದ್ರಲ್ಲ.” ಮೊರವನ್ನು ಒಮ್ಮೆ ಕೇರಿದಳು. “ಹೇಳಿಬಿಡ್ರಿ ಅವನಿಗೆ. ಪಾಪ ಅನ್ಸತ್ತೆ.”

ಪಾಪವಂತೆ! ನನ್ನನ್ನು ನೋಡಿದರೆ ಯಾರಿಗೂ ಪಾಪ ಅನಿಸುವುದಿಲ್ಲ. ಹೇಳಲಿಲ್ಲ. ಆದರೆ ಆ ದಿನದಿಂದ ಒಂದು ಹೆದರಿಕೆ ಶುರುವಾಯಿತು. ದಿನವಿಡೀ ನನ್ನದನ್ನೇ ಹೇಳಿಕೊಟ್ಟು ಹೇಳಿಕೊಟ್ಟು, ಕ್ಯಾಸೆಟ್ಟಿನಲ್ಲಿ ಕೇಳಿದ್ದ ಅವನದ್ದು ನನ್ನ ತಲೆಯಿಂದ ಸವೆಯುತ್ತಿತ್ತು. ಬರೆದಿಟ್ಟ ಹಾಳೆ ಇತ್ತು, ಸ್ವರಗಳೆಲ್ಲ ಅದರಲ್ಲಿದ್ದವು. ಮನೆಯಲ್ಲಿ ಯಾರೂ ಇಲ್ಲದಾಗ ಅದನ್ನಿಟ್ಟುಕೊಂಡು ನುಡಿಸಿ ನೋಡಿದೆ. ನನ್ನ ಕೈಯಲ್ಲಿ ಅದೂ ಅಚ್ಚುಕಟ್ಟಾಗಿಬಿಟ್ಟಿತು. ತಡಕಾಟ ನನಗೆ ಬರುವುದಿಲ್ಲ. ಕ್ಯಾಸೆಟ್ ಹಾಕಿದೆ, ತಿರುಗಿತು, ಸದ್ದಿಲ್ಲ. ಸಿಟ್ಟು ಬಂದು ಹಾಳೆಯನ್ನು ಒಲೆಗೆ ಹಾಕಿದೆ.

ಶನಿವಾರ ಬೆಳಿಗ್ಗೆ ಬಸ್ಸು ಹತ್ತಿ ಗುಡ್ಡದಾಚೆಗೆ ಹೋದೆವು. ವನಜಳೂ ಬಂದಳು. ಕಾರ್ಯಕ್ರಮ ಸಂಜೆ ನಾಲ್ಕಕ್ಕೆ. ಸಭಾಂಗಣದ ತುಂಬ ಕಪ್ಪು ಅಂಗಿಯವರು, ಗಂಡಸರು, ಹೆಂಗಸರು, ಒಬ್ಬರು ಊರುಗೋಲು ಹಿಡಿದ ಮೇಷ್ಟ್ರು. ಹೇಮಾವತಿಯವರು ನಮಗೆಲ್ಲ ಶಾಲು ಹೊದಿಸಿದರು. ನನಗೂ ಹೊದಿಸಿ, “ನೀವು ಯಾರು ಅಂತ ತಿಳೀಲಿಲ್ಲ,” ಎಂದರು. ಹಾರ್ಮೋನಿಯಂ ರಿಪೇರಿ ಎಂದೆ. ವೇದಿಕೆಯ ಪಕ್ಕದಲ್ಲಿ ಸ್ಪೀಕರಿನ ವೈರು ಕಾಯುತ್ತಾ ನಿಂತೆ.

ಮೊದಲ ಹಾಡು ಶುರುವಾಯಿತು. ಅಬ್ಬಯ್ಯ ಬಾಯಿ ತೆಗೆದ. ಅರವತ್ತು ಬಾಯಿಗಳು ಅವನ ಜೊತೆ ತೆರೆದವು. ಒಂದು ಪದ ಬಿಡದೆ, ಉಸಿರು ತೆಗೆದುಕೊಳ್ಳುವ ಜಾಗವನ್ನೂ ಬಿಡದೆ ಹಾಡಿದರು. ಖಾದರ್ ಬೆಚ್ಚಿ ಕೋಲು ಬೀಳಿಸಿದ. ಜನ ಅಂಗೈ ತಟ್ಟಿ ತಾಳ ಮುಂದುವರಿಸಿದರು. ಪಾತ್ರೆಯವಳು ಹೇಳಿದ್ದು ನಿಜವಾಗಿತ್ತು. ಇವರು ಎರಡು ಸಲವಲ್ಲ, ಇನ್ನೂರು ಸಲ ಕೇಳಿದ್ದರು. ಐದನೇ ಹಾಡು ಬರುವ ಮೊದಲು ವೇದಿಕೆ ಹತ್ತಿ ನಿಲ್ಲಿಸಿಬಿಡಲೇ ಎಂದುಕೊಂಡೆ. ಬದಲಿಗೆ ಬಗ್ಗಿ ಸ್ಪೀಕರಿನ ವೈರು ಎತ್ತಿಕೊಂಡೆ.

‘ಇದ್ದಿಲು’ ಬಂತು. ಅಬ್ಬಯ್ಯ ನಿಂತ, ಡ್ರಮ್ಮು ನಿಂತಿತು. ದಾಸು ನನ್ನ ಸೋಲೋ ಶುರು ಮಾಡಿದ. ಸಭೆಯಲ್ಲಿ ಒಂದು ಗಲಿಬಿಲಿ. ಕೆಟ್ಟದಾಗಿದೆ ಎಂದು ಯಾರೂ ಕೂಗಲಿಲ್ಲ, ಕೂಗಿದ್ದರೆ ಎಷ್ಟೋ ವಾಸಿಯಿತ್ತು. ಮುಂದಿನ ಸಾಲಿನಲ್ಲಿ ಹೇಮಾವತಿಯವರು, ಮರೆತಿದ್ದಾರೇನೋ, ಜ್ಞಾಪಿಸೋಣ ಎನ್ನುವ ಹಾಗೆ, ಮೆಲ್ಲಗೆ ಆ ತಳದ ಸ್ವರವನ್ನು ಗುನುಗಿದರು. ಪಕ್ಕದ ಮೇಷ್ಟ್ರು ಸೇರಿದರು. ಆಮೇಲೆ ಎಲ್ಲರೂ. ದಾಸುವಿನ ಕೈ ನಿಂತಿತು.

ಅರವತ್ತು ಗಂಟಲು ಒಟ್ಟಿಗೆ ಆ ಹೆದರಿದ ಹುಡುಗನ ತಡಕಾಟವನ್ನು ಗುನುಗಿದವು. ಅದೇ ಕಾಯುವುದು, ಅದೇ ಬಿಡುವುದು. ಆ ತಪ್ಪು ಸ್ವರ ಬಂತು, ಮತ್ತೆ ಮೂರು ಸಲ ಬಂತು. ಈ ಸಲ ನಾನು ಯಾವ ಮುಖವನ್ನೂ ಸಿದ್ಧ ಮಾಡಿಕೊಂಡಿರಲಿಲ್ಲ. ವೈರು ಕೈಯಲ್ಲಿ ಹಿಡಿದುಕೊಂಡೇ ಗೊಳೋ ಎಂದು ಅತ್ತೆ. ಅಬ್ಬಯ್ಯ, ಖಾದರ್, ದಾಸು ಮೂವರೂ ತಿರುಗಿ ನನ್ನ ಮುಖ ನೋಡುತ್ತಿದ್ದರು. ಕೊನೆಯ ಎಳೆತಕ್ಕೆ ಬರುವಷ್ಟರಲ್ಲಿ ಹಿಂದಿನವರು ತಡೆಯಲಾರದೆ ಶಿಳ್ಳೆ ಹೊಡೆದು ಎದ್ದುಬಿಟ್ಟರು, ಆ ಗದ್ದಲದಲ್ಲಿ ಕೊನೆ ಯಾರಿಗೂ ಕೇಳಿಸಲಿಲ್ಲ.

ಮುಗಿದ ಮೇಲೆ ಹೇಮಾವತಿಯವರು ಕಾಫಿ ತಂದುಕೊಟ್ಟರು. “ನೀವು ಅತ್ತಿದ್ದು ನೋಡ್ದೆ. ನಂಗೂ ಮೊದಮೊದಲು ಹಾಗೇ ಆಗ್ತಿತ್ತು. ಈಗ ಬಿಡಿ, ದಿನಾ ಬಟ್ಟೆ ಒಗೆಯುವಾಗ ಹಾಕ್ಕೊಳ್ತೀನಿ. ಎಷ್ಟೋ ಸಲ ಮುಗಿದಿದ್ದೇ ಗೊತ್ತಾಗಲ್ಲ.”

ಬಟ್ಟೆ ಒಗೆಯುವಾಗ! ಅರ್ಧ ಕಿವಿಯಲ್ಲಿ! ಮೂವತ್ತು ವರ್ಷ ದಾಸುವಿನ ಮೇಲೆ ಪಟ್ಟ ಹೊಟ್ಟೆಕಿಚ್ಚು ಆ ಹೆಂಗಸಿನ ಮೇಲೆ ಪಟ್ಟದ್ದರ ಮುಂದೆ ಏನೂ ಅಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ದಾಸು ಬಂದು ನನ್ನ ಪಕ್ಕ ಕೂತ. ಗುಡ್ಡದ ಮೊದಲ ತಿರುವು ದಾಟಿದ ಮೇಲೆ ಕೇಳಿದ:

“ನಂಗೆ ಹೇಳ್ಕೊಟ್ಟಿದ್ದು ಯಾರದಣ್ಣಾ?”

“ನಂದು.”

“ಅದಕ್ಕೇ ಬೆರಳಿಗೆ ಅಷ್ಟು ಕಷ್ಟ ಆಗ್ತಿತ್ತು,” ಎಂದ. “ಯಾಕೆ ಹಾಗೆ ಮಾಡಿದೆ?”

“ಹೊಟ್ಟೆಕಿಚ್ಚಿಗೆ.”

ಬೈಯುತ್ತಾನೆ ಎಂದು ಕಾದೆ. ಅವನು ತಲೆಯಾಡಿಸಿದ. “ನಂಗೂ ಇತ್ತು, ನಿನ್ನ ಮೇಲೆ.”

“ನಿನಗೇನಪ್ಪಾ ಬಂದಿತ್ತು ಹೊಟ್ಟೆಕಿಚ್ಚು ಪಡೋಕೆ? ಎಲ್ಲ ನಿನ್ನದೇ ಆಗಿತ್ತಲ್ಲ!”

“ರೆಕಾರ್ಡಿಂಗ್ ಮುಗಿದ ತಕ್ಷಣ ಅಲ್ಲೇ ಹಾಕಿ ಕೇಳಿಸಿದ್ರು. ಒಬ್ಬ ಬೋಂಡ ತಗೊಂಡು ಬಂದ, ಇನ್ನೊಬ್ಬ ಚಟ್ನಿ ಎಲ್ಲಿ ಅಂತ ಕೂಗ್ದ. ಅಷ್ಟರಲ್ಲಿ ಮುಗಿದೋಯ್ತು. ನನ್ನ ಪಾಲಿನ ಒಂದು ಸಲ ಅಷ್ಟೇ. ನಿನ್ನ ಹತ್ರ ಅದು ಹಾಗೇ ಇತ್ತಲ್ಲಣ್ಣಾ, ಬಿಚ್ಚದೇ. ನಿನ್ನ ಮನೆ ಮುಂದೆ ಹೋಗುವಾಗೆಲ್ಲ ಕಿಟಕಿ ಕಡೆ ನೋಡ್ತಿದ್ದೆ. ಇವತ್ತು ಕೇಳಿರ್ತಾನಾ, ಇವತ್ತು ಕೇಳಿರ್ತಾನಾ ಅಂತ.”

ಮುಂದಿನ ಸೀಟಿನಲ್ಲಿ ವನಜ ತಿರುಗಿ ನೋಡಲಿಲ್ಲ. ಕೇಳಿಸಿಕೊಳ್ಳುತ್ತಿದ್ದಾಳೆ ಎಂದು ಅವಳ ಕುತ್ತಿಗೆಯಿಂದಲೇ ಗೊತ್ತಾಗುತ್ತಿತ್ತು. “ನಾಳೆ ಭಾನುವಾರ, ಗಿಟಾರ್ ತಗೊಂಡು ಬಾ,” ಎಂದೆ. “ಜ್ಞಾಪಕ ಇದ್ದಷ್ಟು ಹೇಳ್ತೀನಿ. ನಿಂದು.”

ಅಂದಿನಿಂದ ಪ್ರತಿ ಭಾನುವಾರ ಬೆಳಿಗ್ಗೆ ಪೂಜೆ ಮುಗಿಸಿಕೊಂಡು ಚರ್ಚಿನಿಂದ ಸೀದಾ ನಮ್ಮ ಮನೆಗೆ ಬರುತ್ತಾನೆ. ನಾನು ಗುನುಗುತ್ತೇನೆ, ಅವನು ನುಡಿಸುತ್ತಾನೆ. ಅವನ ಕೈಗೆ ಬಂದ ಕೂಡಲೇ ಅದು ಮತ್ತೆ ತಡಕಲು ಶುರು ಮಾಡುತ್ತದೆ. ಹಾಳಾದವನಿಗೆ ಅದು ಹುಟ್ಟಿನಿಂದಲೇ ಬಂದಿದೆ, ನಾನು ಸತ್ತರೂ ನನಗೆ ಬರುವುದಿಲ್ಲ. ಎರಡು ತಿಂಗಳಲ್ಲಿ ಎಲ್ಲವೂ ಕೂತಿತು, ಕೊನೆಯೊಂದು ಬಿಟ್ಟು. ಆ ಎಳೆದ ತಂತಿ ಎಲ್ಲಿ ನಿಲ್ಲುತ್ತದೆ ಎಂದು ಅವನಿಗೆ ಗೊತ್ತಿಲ್ಲ, ಗಂಟಲಿಗೆ ಹತ್ತುವುದಿಲ್ಲ ಎಂದು ನಾನು ಗುನುಗಿ ತೋರಿಸಿಲ್ಲ. ಹೇಮಾವತಿಯವರನ್ನು ಹೋಗಿ ಕೇಳಬಹುದು. ಅವನಿಗೆ ಹೊಳೆದಿಲ್ಲ, ನಾನು ಹೇಳಿಲ್ಲ.

“ಇದಾ ಅಣ್ಣಾ?” ಎನ್ನುತ್ತಾನೆ. ಅಲ್ಲ ಎನ್ನುತ್ತೇನೆ. ಅಲ್ಲ ಎಂದರೆ ಮೊದಲಿಂದ ಬರಬೇಕು. ನಡುವಿನಿಂದ ಹಿಡಿದರೆ ಕೊನೆ ಸಿಗುವುದಿಲ್ಲ ಎಂದು ಅವನಿಗೆ ನಂಬಿಸಿದ್ದೇನೆ.

ಮೊನ್ನೆಯ ಭಾನುವಾರ ಅವನು ಕಣ್ಣು ಮುಚ್ಚಿ ನುಡಿಸುತ್ತಿದ್ದ. ವನಜ ಅಡುಗೆಮನೆ ಬಾಗಿಲಲ್ಲಿ ಸೊಪ್ಪು ಬಿಡಿಸುತ್ತಾ ಕೂತಿದ್ದಳು. ತಂತಿ ಮೇಲಕ್ಕೆ ಹೋಯಿತು, ಇನ್ನೂ ಹೋಯಿತು, ಮುಟ್ಟಬೇಕಾದ ಕಡೆಗಿಂತ ಒಂದು ಎಳೆ ಕೆಳಗೆ ಅವನು ಕೈಬಿಟ್ಟ. ಅದೇ. ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಸೊಪ್ಪು ಬಿಡಿಸುತ್ತಿದ್ದ ಕೈ ನಿಂತಿತು, ವನಜ ಕಣ್ಣೊರೆಸಿಕೊಂಡು ನನ್ನ ಕಾಲಿನ ಕಡೆ ನೋಡಿದಳು. ನಾನು ಪಂಚೆಯನ್ನು ಹೆಬ್ಬೆರಳ ಮೇಲೆ ಎಳೆದುಕೊಂಡೆ.

ದಾಸು ಕಣ್ಣು ತೆರೆದು ಕೇಳಿದ: “ಇದೇ ಅಲ್ವಾ ಅಣ್ಣಾ?”

“ಅಲ್ಲ,” ಎಂದೆ. “ಮೊದಲಿಂದ ನುಡಿಸು.”